ಗೈರುಹಾಜರಾದ ನೀರು

ಗುರುವಾರ ಬೆಳಗ್ಗೆ ಹತ್ತೂ ಇಪ್ಪತ್ತು. ಮೂರು ವರ್ಷದಿಂದ ಮುಚ್ಚಿದ್ದ ಏಳು ಅಂಗಡಿಗಳಲ್ಲಿ ಆರನ್ನು ತೆರೆದದ್ದಾಗಿತ್ತು. ಅವುಗಳಲ್ಲಿ ಐದು ಅಂಗಡಿಗಳ ನೆಲದ ಜಾಲರಿಯ ಕೆಳಗೆ ನೀರಿತ್ತು. ನಾಲ್ಕನೇ ನಂಬರಿನದು ಮಾತ್ರ ಒಣಗಿತ್ತು.

ಪ್ಲಂಬರ್ ಮೊಣಕಾಲೂರಿ ಆ ಒಣ ಬಟ್ಟಲಿನೊಳಗೆ ಬೆರಳಾಡಿಸಿದ. ಅವನ ಅಕ್ಕ ಮೇಲಿನಿಂದ ಟಾರ್ಚ್ ಬೆಳಕು ಬಿಟ್ಟಳು.

“ಇದು ಸರಿ ಇದೆ,” ಎಂದ. “ಉಳಿದ ಐದು ತಪ್ಪು.”

“ಬಿಡಿಸಿ ಹೇಳೋ.”

“ಇದಕ್ಕೆ ಟ್ರ್ಯಾಪ್ ಅಂತೀವಿ ಅಕ್ಕಾ. ಇದರಲ್ಲಿ ಯಾವಾಗಲೂ ಒಂದು ಮಗ್ ನೀರು ನಿಂತಿರಬೇಕು. ಆ ನೀರೇ ಬಾಗಿಲು. ಅದು ಇದ್ದರೆ ಚರಂಡಿ ಗಾಳಿ ಮೇಲೆ ಬರಲ್ಲ. ಜನ ಓಡಾಡೋ ಕಡೆ ತಾನಾಗೇ ತುಂಬಿರುತ್ತೆ. ಬೀಗ ಹಾಕಿದ ಅಂಗಡೀಲಿ ಒಂದು ತಿಂಗಳು, ಒಂದೂವರೆ ತಿಂಗಳಿಗೆ ಒಣಗಿ ಹೋಗುತ್ತೆ. ಮೂರು ವರ್ಷ ಅಂದ್ರೆ ಆರೂ ಒಣಗಿರಬೇಕಿತ್ತು.”

“ಐದು ಒಣಗಿಲ್ಲ.”

“ಯಾರೋ ಹುಯ್ತಿದ್ದಾರೆ. ಆಗಾಗ ಬಂದು, ಲೆಕ್ಕವಿಟ್ಟು.”

“ಇದಕ್ಕೆ ಹುಯ್ಯೋದು ಮರೆತರಾ?”

ಪ್ಲಂಬರ್ ಬೆರಳನ್ನು ಟಾರ್ಚ್ ಬೆಳಕಿಗೆ ಹಿಡಿದ. “ಮರೆತಿದ್ದರೆ ತಳದಲ್ಲಿ ಧೂಳು ಕೂತಿರಬೇಕು. ನೋಡು, ಚೊಕ್ಕ. ಇದನ್ನ ಒರೆಸಿದ್ದಾರೆ. ನೀನು ನನ್ನ ಮನೆಗೆ ಬಂದಾಗ ನನ್ನ ಹೆಂಡತಿ ತಟ್ಟೆ ಒರೆಸ್ತಾಳಲ್ಲ, ಹಾಗೆ.”

“ನಾನು ಬಂದಾಗ ಮಾತ್ರ ಒರೆಸ್ತಾಳಾ?”

“ಅಕ್ಕಾ, ಕೆಲಸ ನೋಡು.”

ಕೆಲಸ ಇದಾಗಿತ್ತು. ಮೇಲೆ ಐದು ಮಹಡಿ, ನಲವತ್ತು ಮನೆ. ನೆಲಮಹಡಿಯಲ್ಲಿ ಒಂಬತ್ತು ಅಂಗಡಿ. ಅದರಲ್ಲಿ ತೆರೆದಿದ್ದವು ಎರಡೇ: ಒಂದನೇ ನಂಬರಿನ ಔಷಧಿ ಅಂಗಡಿ, ಎರಡನೇ ನಂಬರಿನ ಟೈಲರ್ ಅಂಗಡಿ. ನಾಲ್ಕು ತಿಂಗಳಲ್ಲಿ ಮೂವರು ಬಾಡಿಗೆಗೆ ಬಂದು ನೋಡಿ, ಮೆಚ್ಚಿ, ಎರಡನೇ ಸಲ ಬಂದಾಗ ಮೂಗು ಮುಚ್ಚಿಕೊಂಡು ವಾಪಸಾಗಿದ್ದರು. ಸಂಗೀತದ ಮೇಡಂಗೆ ಆರನೇ ನಂಬರು, ಸೈಕಲ್ ರಿಪೇರಿಯವನಿಗೆ ಏಳು, ಬೇಕರಿಯಾಕೆಗೆ ನಾಲ್ಕು. ಮೂವರೂ ಹೇಳಿದ್ದು ಒಂದೇ ಮಾತು: ಚರಂಡಿ ವಾಸನೆ.

ಇವತ್ತು ಸಂಜೆ ಐದಕ್ಕೆ ನಿವಾಸಿಗಳ ಸಂಘದ ಸಭೆ. ಅಷ್ಟರೊಳಗೆ ಮೂರು ಹೊಸ ವ್ಯಾಪಾರದವರು ಕರಾರಿಗೆ ಸಹಿ ಹಾಕದಿದ್ದರೆ ಇಡೀ ನೆಲಮಹಡಿ ಗೋದಾಮು ಕಂಪನಿಗೆ ಹೋಗುತ್ತದೆ. ಮುಂಭಾಗಕ್ಕೆ ಗೋಡೆ ಏಳುತ್ತದೆ. ಟೈಲರ್ ಹನ್ನೊಂದು ವರ್ಷ ಕೂತಿದ್ದ ಜಾಗವನ್ನು ಒಂದು ತಿಂಗಳಲ್ಲಿ ಖಾಲಿ ಮಾಡಬೇಕು. ಎರಡನೆಯ ಬಾಡಿಗೆದಾರ ವಾಪಸ್ ಹೋದ ದಿನವೇ ಆ ಟೈಲರ್ ಪ್ಲಂಬರನ ಅಕ್ಕನನ್ನು ಹುಡುಕಿಕೊಂಡು ಹೋಗಿದ್ದಳು. ಇಪ್ಪತ್ತಾರು ವರ್ಷ ವಿಮಾ ಕಂಪನಿಗೆ ಬೆಂಕಿ, ಕಳವು, ಸೋರಿಕೆಗಳ ತನಿಖೆ ಮಾಡಿ ನಿವೃತ್ತಳಾದ ಹೆಂಗಸು. ಮಟಮಟ ಮಧ್ಯಾಹ್ನವೂ ಟಾರ್ಚ್ ಹಿಡಿದು ಓಡಾಡುತ್ತಾಳೆಂದು ಕಟ್ಟಡದವರು ಅವಳಿಗೆ ಟಾರ್ಚಕ್ಕ ಎಂದು ಹೆಸರಿಟ್ಟಿದ್ದರು. ಫೀಸು ಎಂದರೆ ಟಾರ್ಚ್ ಹಿಡಿಸುವಷ್ಟು ದೊಡ್ಡ ಜೇಬಿನ ಒಂದು ಕೋಟು.

ಟಾರ್ಚಕ್ಕ ಬಗ್ಗಿದಳು. ಜಾಲರಿಯ ಅಂಚಿಗೆ ಒಂದು ಎಳೆ ಸಿಕ್ಕಿಕೊಂಡಿತ್ತು. ಬೂದು ಬಣ್ಣದ ನೂಲು, ಅರ್ಧ ಬೆರಳುದ್ದ. ಅದನ್ನು ಚಿಮುಟದಿಂದ ತೆಗೆದು ಲಕೋಟೆಗೆ ಹಾಕಿದಳು.

“ಐದನೇ ನಂಬರು ಬಾಕಿ ಇದೆ,” ಎಂದ ತಮ್ಮ.

ಆ ಬೀಗದ ಕೈಯ ಬಗ್ಗೆ ಅವಳಿಗೆ ಒಂದು ಸಂಗತಿ ನೆನಪಿತ್ತು. ಸಂಘದ ಕಾರ್ಯದರ್ಶಿ ನಿವೃತ್ತ ಹೆಡ್‌ಮೇಷ್ಟ್ರು. ಕೀಲಿಗಳ ಹಲಗೆ ಇರುವುದು ಮೊದಲ ಮಹಡಿಯ ಅವರ ಮನೆಯಲ್ಲಿ. ಕಾಯುವವರು ಅವರ ಹೆಂಡತಿ. ಪುಸ್ತಕದಲ್ಲಿ ದಿನ, ಹೊತ್ತು, ಕಾರಣ ಬರೆದು ಸಹಿ ಹಾಕದೆ ಆಕೆ ಯಾರಿಗೂ ಕೀಲಿ ಕೊಡುವುದಿಲ್ಲ. ಬೆಳಗ್ಗೆ ಆರು ಕೀಲಿಗಳನ್ನು ಮಾತಿಲ್ಲದೆ ಕೊಟ್ಟಿದ್ದರು. ಐದನೇ ನಂಬರಿನದನ್ನು ಕೊಡುವಾಗ ಮಾತ್ರ ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡು, “ನಿಧಾನವಾಗಿ ಶಟರ್ ಎತ್ತಿ” ಎಂದಿದ್ದರು.

ಅವರು ನಿಧಾನವಾಗಿಯೇ ಎತ್ತಿದರು.

ಒಳಗೆ ಟಿಕ್‌ಟಿಕ್ ಸದ್ದು. ಒಂದಲ್ಲ, ಹತ್ತಾರು.

ಟಾರ್ಚ್ ಬೆಳಕು ಗೋಡೆಯ ಮೇಲೆ ಹರಿಯಿತು. ಮೂರು ಸಾಲು ಗೋಡೆ ಗಡಿಯಾರ. ಪ್ಲಂಬರ್ ಎಣಿಸಿದ: ಮೂವತ್ತೊಂದು. ಕೆಳಗೆ ಒಂದು ಮರದ ಮೇಜು, ಭೂತಗನ್ನಡಿ, ಸಣ್ಣ ಸ್ಕ್ರೂಡ್ರೈವರುಗಳು, ಎಣ್ಣೆಯ ಸೀಸೆ. ಮೂಲೆಯಲ್ಲಿ ಬಕೆಟ್, ಮಗ್. ಜಾಲರಿಯ ಕೆಳಗೆ ಕಂಠಪೂರ್ತಿ ನೀರು.

ಎಲ್ಲ ಗಡಿಯಾರಗಳೂ ಒಂದೇ ಸಮಯ ತೋರಿಸುತ್ತಿದ್ದವು. ಟಾರ್ಚಕ್ಕ ತನ್ನ ಕೈಗಡಿಯಾರ ನೋಡಿಕೊಂಡಳು. ಮೂವತ್ತೊಂದೂ ಸರಿಯಾಗಿ ಐದು ನಿಮಿಷ ಮುಂದಿದ್ದವು.

ಪ್ರತಿ ಗಡಿಯಾರಕ್ಕೂ ಒಂದು ಚೀಟಿ ಕಟ್ಟಿತ್ತು. ಕೆಂಪು ಶಾಯಿ, ದುಂಡಗಿನ ಅಕ್ಷರ. ತಮ್ಮ ಓದತೊಡಗಿದ.

“ಮನೆ ೧೦೪. ಬುದ್ಧಿವಂತ, ಆದರೆ ಸೋಮಾರಿ. ಮನೆ ೩೦೨. ಕಿವಿ ಹಿಂಡಿದ ಮೇಲೆ ಸುಧಾರಿಸಿದೆ. ಮನೆ ೪೦೧. ಪದೇ ಪದೇ ತಡ. ಪೋಷಕರನ್ನು ಕರೆಸಬೇಕು.” ಅವನು ಚೀಟಿ ಕೆಳಗಿಟ್ಟ. “ಅಕ್ಕಾ, ಇದಕ್ಕೆ ಬೆರಳಚ್ಚು ಬೇರೆ ಬೇಕಾ?”

“ಯಾರದು ಒಳಗೆ?” ಶಟರಿನ ಆಚೆಯಿಂದ ಹೆಡ್‌ಮೇಷ್ಟ್ರ ದನಿ ಬಂತು.

ಅವರು ಬಗ್ಗಿ ಒಳಗೆ ಬಂದರು. ಎಪ್ಪತ್ತೊಂದು ವಯಸ್ಸು, ನೆಟ್ಟಗಿನ ಬೆನ್ನು. ಗಡಿಯಾರಗಳನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು.

“ಖಾಲಿ ಅಂಗಡಿಯನ್ನು ಯಾವ ನಿವಾಸಿಯೂ ಸ್ವಂತಕ್ಕೆ ಬಳಸಬಾರದು,” ಎಂದಳು ಟಾರ್ಚಕ್ಕ. “ಸಂಘದ ಹನ್ನೆರಡನೇ ನಿಯಮ. ಬರೆದವರು ಯಾರು ಮೇಷ್ಟ್ರೇ?”

“ನಾನೇ.”

“ಎಷ್ಟು ದಿನದಿಂದ ಬರ್ತಿದ್ದೀರಿ?”

“ಎರಡು ವರ್ಷ.” ಅವರು ಕನ್ನಡಕ ತೆಗೆದು ಒರೆಸಿದರು. “ಮನೆಯಲ್ಲಿ ಒಂದು ಗಡಿಯಾರದ ಸದ್ದೂ ಆಕೆಗೆ ಆಗಲ್ಲಮ್ಮ. ಅದಕ್ಕೆ ಇಲ್ಲಿ...”

ಟಾರ್ಚಕ್ಕ ಚೀಲದಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದಳು. ಗೋದಾಮು ಕಂಪನಿಯದು. ಒಂಬತ್ತು ಅಂಗಡಿಗಳಲ್ಲಿ ಎಂಟಕ್ಕೆ ಹಳದಿ ಬಣ್ಣ. ಐದನೇ ನಂಬರು ಬಿಳಿ.

“ಎಲ್ಲರ ಅಂಗಡಿ ಹೋಗುತ್ತೆ. ನಿಮ್ಮದು ಉಳಿಯುತ್ತೆ. ಇದು ಹೇಗೆ?”

“ಸಂಘದ ಕಚೇರಿಗೆ ಒಂದು ಕೋಣೆ ಬಿಡಿ ಅಂತ ಕೇಳಿದ್ದೆ.” ಮೇಷ್ಟ್ರ ಕಿವಿ ಕೆಂಪಾಯಿತು. “ಅದು ಸ್ವಾರ್ಥ. ಒಪ್ಕೋತೀನಿ.”

“ಗೋದಾಮು ಬರಬೇಕಾದರೆ ಉಳಿದ ಅಂಗಡಿಗಳು ಖಾಲಿ ಇರಬೇಕು. ಖಾಲಿ ಇರಬೇಕಾದರೆ ವಾಸನೆ ಬರಬೇಕು. ವಾಸನೆ ಬರಬೇಕಾದರೆ ಟ್ರ್ಯಾಪಿನ ನೀರು ಒರೆಸಬೇಕು. ಒರೆಸಿದ್ರಾ?”

“ಒರೆಸೋದಾ?” ಹೆಡ್‌ಮೇಷ್ಟ್ರ ದನಿ ತಟ್ಟನೆ ಶಾಲೆಯ ಪ್ರಾರ್ಥನೆಯ ಕೊನೇ ಸಾಲಿನವರೆಗೂ ಕೇಳುವಷ್ಟು ಏರಿತು. “ಹುಯ್ಯೋನು ನಾನಮ್ಮ! ಪ್ರತಿ ಸೋಮವಾರ ಬೆಳಗ್ಗೆ ಆರಕ್ಕೆ ಏಳೂ ಅಂಗಡಿಗೆ ಹೋಗಿ, ಏಳೂ ಬಟ್ಟಲಿಗೆ ಒಂದೊಂದು ಮಗ್. ನಮ್ಮ ಶಾಲೆಯ ಪ್ರಯೋಗಶಾಲೇಲಿ ರಜಾ ಬಂತು ಅಂದ್ರೆ ಇದೇ ಗೋಳು. ನನಗೆ ಗೊತ್ತಿಲ್ವಾ?”

“ಅದಕ್ಕೆ ಸಾಕ್ಷಿ?”

ಅವರು ಮೇಜಿನ ಡ್ರಾಯರ್ ಎಳೆದರು. ಒಳಗೆ ಸಂಘದ ಮೊಹರು, ಅಚ್ಚು ಹಾಕಿಸಿದ ಬಾಡಿಗೆ ಕರಾರಿನ ಕಾಗದಗಳು. ಅವುಗಳ ಕೆಳಗಿಂದ ಒಂದು ಉದ್ದನೆಯ ಪುಸ್ತಕ ಹೊರಬಂತು.

ಶಾಲೆಯ ಹಾಜರಿ ಪುಸ್ತಕ. ಎಡಗಡೆ ವಿದ್ಯಾರ್ಥಿಗಳ ಹೆಸರಿರಬೇಕಾದ ಕಡೆ ಮೂರು, ನಾಲ್ಕು, ಐದು ಎಂದು ಅಂಗಡಿ ನಂಬರುಗಳು. ಮೇಲೆ ಸೋಮವಾರಗಳ ತಾರೀಕು. ನೀರಿದ್ದರೆ ‘ಹಾ’. ಇಲ್ಲದಿದ್ದರೆ ‘ಗೈ’.

ಎರಡು ವರ್ಷ. ಏಳು ಸಾಲು. ಪುಟ ತುಂಬ ‘ಹಾ’. ಕೆಂಪು ಶಾಯಿಯ ‘ಗೈ’ ಎರಡೇ ಕಡೆ. ಆರನೇ ನಂಬರು ಒಂದು ಸಲ, ಏಳನೇ ನಂಬರು ಒಂದು ಸಲ.

ಟಾರ್ಚಕ್ಕ ತನ್ನ ಪುಸ್ತಕ ತೆಗೆದು ತಾರೀಕು ಹೋಲಿಸಿದಳು. ಸಂಗೀತದ ಮೇಡಂ ಆರನೇ ನಂಬರಿಗೆ ಎರಡನೇ ಸಲ ಬಂದದ್ದು ಮಂಗಳವಾರ. ಅದರ ಮುಂದಿನ ಸೋಮವಾರ ಆರು ಗೈರು. ಸೈಕಲ್‌ನವನು ಏಳಕ್ಕೆ ಬಂದದ್ದೂ ಮಂಗಳವಾರ. ಮುಂದಿನ ಸೋಮವಾರ ಏಳು ಗೈರು. ಬೇಕರಿಯಾಕೆ ನಾಲ್ಕಕ್ಕೆ ಬಂದದ್ದು ಮೊನ್ನೆ ಮಂಗಳವಾರ. ಮುಂದಿನ ಸೋಮವಾರ ಇನ್ನೂ ಬಂದಿಲ್ಲ.

“ವಾರಕ್ಕೊಮ್ಮೆ ತುಂಬಿದ ನೀರು ಏಳು ದಿನಕ್ಕೆ ಒಣಗಲ್ಲ,” ಎಂದ ಪ್ಲಂಬರ್. “ಸೋಮವಾರ ಇವರು ಹುಯ್ದ ಮೇಲೆ, ಮಂಗಳವಾರ ಬೆಳಗಾಗೋ ಒಳಗೆ ಯಾರೋ ತೆಗೆದಿದ್ದಾರೆ.”

“ಮೇಷ್ಟ್ರೇ, ಗೈರು ಅಂತ ಬರೆದ್ರಿ. ಯಾಕೆ ಗೈರು ಅಂತ ಕೇಳಲಿಲ್ವಾ?”

“ಹುಡುಗರಾಗಿದ್ದರೆ ಕೇಳ್ತಿದ್ದೆ. ನೀರನ್ನ ಏನಂತ ಕೇಳಲಿ? ನಿಜ ಹೇಳ್ಲಾ? ಬಾಯಿ ಬಿಟ್ಟರೆ ನಾನು ಇಲ್ಲಿ ಬರೋದು ಗೊತ್ತಾಗುತ್ತಲ್ಲ ಅಂತ ಸುಮ್ಮನಿದ್ದೆ.”

ಟಾರ್ಚಕ್ಕ ಗೋಡೆ ನೋಡಿದಳು. “ನಲವತ್ತು ಮನೆಯಲ್ಲಿ ಮೂವತ್ತೊಂದು ಮನೆಯವರು ನಿಮ್ಮ ಕೈಗೆ ಗಡಿಯಾರ ಕೊಟ್ಟಿದ್ದಾರೆ. ಇದನ್ನ ಏನಂತ ಕರೀತಾರೆ?”

“ಏನಂತ?”

“ಅಂಗಡಿ ಅಂತ ಮೇಷ್ಟ್ರೇ. ಇದುವರೆಗೆ ಬೋರ್ಡಿಲ್ಲ, ಅಷ್ಟೆ. ನಿಮ್ಮದೇ ಕರಾರಿನ ಕಾಗದಕ್ಕೆ ನೀವೇ ಸಹಿ ಹಾಕಿ. ಮೂರರಲ್ಲಿ ಒಂದಾಯ್ತು.”

ಹೆಡ್‌ಮೇಷ್ಟ್ರು ಕುರ್ಚಿಯ ಮೇಲೆ ಕೂತರು. ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಾಚಿಕೆ, ಆಮೇಲೆ ನಗು.

“ಆರು ಗಡಿಯಾರ ಇನ್ನೂ ಕಾಯ್ತಾ ಇವೆ,” ಎಂದರು ಮೆಲ್ಲಗೆ. “ಪಕ್ಕದ ಕಟ್ಟಡದವು.”

“ಒಂದು ಸಂದೇಹ,” ಎಂದ ಪ್ಲಂಬರ್. “ಎಲ್ಲವೂ ಐದು ನಿಮಿಷ ಮುಂದೆ ಇದಾವಲ್ಲ, ಅದೂ ರಿಪೇರಿ ಮಾಡ್ತೀರಾ?”

“ಶಾಲೆ ಗಡಿಯಾರ ಐದು ನಿಮಿಷ ಮುಂದೇ ಇರಬೇಕಪ್ಪ. ಇಲ್ಲದಿದ್ರೆ ನಿನ್ನಂಥವರು ಎಂದೂ ಹೊತ್ತಿಗೆ ಬರಲ್ಲ.”

ಉತ್ಸಾಹದಲ್ಲಿ ಅವರು ಅಲ್ಲಿಂದಲೇ ಅಂಗಡಿ ತೋರಿಸುವ ಏಜೆಂಟನಿಗೆ ಫೋನ್ ಮಾಡಿದರು. “ನಿಮಗೆ ಒಳ್ಳೇ ಸುದ್ದಿ! ವಾಸನೆಯ ಗುಟ್ಟು ಸಿಕ್ತು. ಒಂದು ಅಂಗಡಿ ಆಗೇಹೋಯ್ತು. ಕರಾರಿನ ಕಾಗದ, ಮೊಹರು ಎಲ್ಲ ಐದನೇ ನಂಬರಿನ ಡ್ರಾಯರಲ್ಲಿ ಸಿದ್ಧವಾಗಿದೆ. ಸಂಜೆ ಬನ್ನಿ.”

ಆಗ ಹನ್ನೊಂದೂ ಕಾಲು.

ಟಾರ್ಚಕ್ಕ ಮೊದಲ ಮಹಡಿಗೆ ಹೋಗಿ ಕೀಲಿ ಪುಸ್ತಕ ಕೇಳಿದಳು. ಮೇಷ್ಟ್ರ ಹೆಂಡತಿ ಪುಸ್ತಕ ಮುಂದಿಟ್ಟರು.

“ಗಡಿಯಾರ ನೋಡಿದ್ರಾ?” ಎಂದು ಕೇಳಿದರು.

“ನಿಮಗೆ ಗೊತ್ತಿತ್ತಾ?”

“ಎರಡು ವರ್ಷದಿಂದ ಸೋಮವಾರ ಬೆಳಗ್ಗೆ ಆರಕ್ಕೆ ಗಂಡ ಬಕೆಟ್ ಹಿಡ್ಕೊಂಡು ಹೋದರೆ ಯಾವ ಹೆಂಡತಿಗೆ ಗೊತ್ತಾಗಲ್ಲಮ್ಮ? ಯಾರಾದ್ರೂ ನೋಡ್ಲಿ ಅಂತಲೇ ನಾನೂ ಕಾಯ್ತಾ ಇದ್ದೆ. ನಾನೇ ಹೇಳಿದ್ರೆ ಅವರು ಗಡಿಯಾರ ಎಲ್ಲ ವಾಪಸ್ ಕೊಟ್ಟುಬಿಡ್ತಾರೆ.”

ಟಾರ್ಚಕ್ಕ ಮೂರು ಸೋಮವಾರಗಳ ಪುಟ ತೆರೆದಳು. ಮೂರೂ ಕಡೆ ಸಂಜೆ ಆರೂವರೆ. ಕ್ರಮವಾಗಿ ಆರನೇ ನಂಬರು, ಏಳನೇ ನಂಬರು, ನಾಲ್ಕನೇ ನಂಬರು. ಕಾರಣದ ಜಾಗದಲ್ಲಿ: ಕಸ ಗುಡಿಸುವುದು.

ಸಹಿ ಮೂರೂ ಕಡೆ ಒಬ್ಬಳದೇ. ಟೈಲರ್.

ಅಕ್ಕ ತಮ್ಮ ಎರಡನೇ ನಂಬರಿಗೆ ಬಂದಾಗ ಟೈಲರ್ ಮೆಷಿನ್ ನಿಲ್ಲಿಸಿ ಎದ್ದು ನಿಂತಳು. “ಬನ್ನಿ ಅಕ್ಕಾ. ಕೋಟು ರೆಡಿ. ಗುಂಡಿ ಮಾತ್ರ ಬಾಕಿ.”

ಕೋಟು ಹಲಗೆಯ ಮೇಲಿತ್ತು. ಬೂದು ಬಣ್ಣ.

ಟಾರ್ಚಕ್ಕ ಲಕೋಟೆ ತೆರೆದು ಎಳೆಯನ್ನು ಕೋಟಿನ ಮೇಲಿಟ್ಟಳು. ಅದು ಬಟ್ಟೆಯಲ್ಲಿ ಬೆರೆತು ಕಾಣದಾಯಿತು.

“ನನ್ನ ಕೋಟಿನ ತುಂಡಲ್ಲೇ ಒರೆಸಿದ್ರಾ?”

“ಯಾವುದನ್ನ?”

“ನಾಲ್ಕನೇ ನಂಬರಿನ ಜಾಲರಿ ಕೆಳಗಿನ ನೀರು. ಸೋಮವಾರ ಸಂಜೆ.”

“ಓ, ಅದಾ? ಹೌದು.” ಟೈಲರ್ ಮುಖದಲ್ಲಿ ಮುಚ್ಚುಮರೆಯ ಸುಳಿವಿರಲಿಲ್ಲ. “ನೋಡೋಕೆ ಬರೋರು ಬರ್ತಾರೆ ಅಂದ್ರೆ ಹಿಂದಿನ ದಿನ ನಾನೇ ಹೋಗಿ ಗುಡಿಸಿ, ನೆಲ ಒರೆಸಿ, ಮೂಲೆ ನೀರನ್ನೂ ಬಟ್ಟೇಲಿ ಹೀರಿ ತೆಗೀತಿದ್ದೆ. ಬರೋರಿಗೆ ಚೊಕ್ಕವಾಗಿ ಕಾಣ್ಲಿ ಅಂತ. ಯಾಕಕ್ಕಾ?”

“ನನಗೆ ಯಾಕೆ ಹೇಳ್ಲಿಲ್ಲ?”

“ಕಸ ಗುಡಿಸೋದೂ ಒಂದು ಹೇಳೋ ವಿಷಯಾನಾ?”

ಟಾರ್ಚಕ್ಕ ಹೇಳಿದಳು. ನೀರು ಎಂದರೆ ಬಾಗಿಲು, ಬಾಗಿಲು ತೆಗೆದರೆ ವಾಸನೆ. ತಮ್ಮ ಹೇಳಿದ್ದಷ್ಟನ್ನೇ, ಕೂಡಿಸದೆ ಕಳೆಯದೆ ಹೇಳಿದಳು. ಟೈಲರ್ ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕೂತಳು.

“ಅಂದ್ರೆ ಮೂವರನ್ನೂ ಓಡಿಸಿದ್ದು ನಾನಾ?”

ಅವಳು ಕೈಗಳನ್ನು ನೋಡಿಕೊಂಡಳು. ಹನ್ನೊಂದು ವರ್ಷ ಇದೇ ಸ್ಟೂಲು, ಇದೇ ಬೆಳಕು.

“ನನ್ನ ಅಂಗಡಿಗೆ ನಾನೇ ಕತ್ತರಿ ಹಾಕ್ಕೊಂಡೆನಲ್ಲ ಅಕ್ಕಾ.”

“ಅಳೋದು ಸಂಜೆ ಐದರ ಮೇಲೆ,” ಎಂದಳು ಟಾರ್ಚಕ್ಕ. “ಈಗ ಒಂದು ಪ್ರಶ್ನೆ. ನೆಲ ಒರೆಸೋದು ಸರಿ. ಜಾಲರಿ ಎತ್ತಿ ಒಳಗಿನ ನೀರು ತೆಗೀಬೇಕು ಅನ್ನೋದು ನಿಮಗೇ ಹೊಳೀತಾ?”

ಟೈಲರ್ ಮೂಗು ಒರೆಸಿಕೊಂಡಳು. “ಇಲ್ಲ. ಏಜೆಂಟ್ ಹೇಳಿಕೊಟ್ರು. ನಿಂತ ನೀರಲ್ಲಿ ಸೊಳ್ಳೆ ಆಗ್ತವೆ, ತೆಗೆದುಬಿಡಿ ಅಂದ್ರು. ಯಾವ ನಂಬರಿಗೆ ಜನ ಬರ್ತಾರೆ ಅಂತ ಸೋಮವಾರ ಮಧ್ಯಾಹ್ನ ಫೋನ್ ಮಾಡಿ ಹೇಳ್ತಿದ್ರು. ಪಾಪ, ಒಳ್ಳೇ ಮನುಷ್ಯ.”

ಪ್ಲಂಬರ್ ಬಾಯಿ ತೆರೆದ. ಟಾರ್ಚಕ್ಕ ಕಣ್ಣಲ್ಲೇ ತಡೆದಳು. ಗೊತ್ತಿಲ್ಲದೆಯೂ ಹೇಳಿರಬಹುದು. ಅಂಗಡಿ ತುಂಬಿಸುವುದೇ ಅವನ ಕೆಲಸ. ತುಂಬದಿದ್ದರೆ ಅವನಿಗೇನು ಲಾಭ ಎಂಬುದಕ್ಕೆ ಅವಳ ಹತ್ತಿರ ಒಂದು ಕಾಗದವೂ ಇರಲಿಲ್ಲ. ಪುಸ್ತಕದಲ್ಲಿ ‘ಏಜೆಂಟ್’ ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಳು.

“ಬೇಕರಿಯಾಕೆಗೆ ಫೋನ್ ಮಾಡಿ,” ಎಂದಳು. “ಏಜೆಂಟ್ ಮೂಲಕ ಬೇಡ. ನೀವೇ ಮಾಡಿ.”

ಟೈಲರ್ ಮಾಡಿದಳು. ಸುಳ್ಳು ಹೇಳಲಿಲ್ಲ, ಕಾರಣ ಕಟ್ಟಲಿಲ್ಲ. ತಪ್ಪು ನನ್ನದು, ಒಮ್ಮೆ ಬಂದು ಮೂಸಿ ನೋಡಿ, ಇಷ್ಟವಾಗದಿದ್ದರೆ ನಿಮ್ಮ ಗೊಡವೆಗೆ ಬರಲ್ಲ ಎಂದಳು.

“ಜೀವಮಾನದಲ್ಲಿ ಯಾರೂ ನನ್ನನ್ನ ಮೂಸಿ ನೋಡೋಕೆ ಬನ್ನಿ ಅಂತ ಕರೆದಿರ್ಲಿಲ್ಲ,” ಎಂದಿತು ಆ ಕಡೆಯ ದನಿ. “ನಾಲ್ಕೂವರೆಗೆ ಬರ್ತೀನಿ.”

ಮಧ್ಯಾಹ್ನ ಪ್ಲಂಬರ್ ನಾಲ್ಕನೇ ನಂಬರಿನ ಟ್ರ್ಯಾಪಿಗೆ ನೀರು ತುಂಬಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟ. ಎಣ್ಣೆ ತೇಲುತ್ತಿದ್ದರೆ ನೀರು ಬೇಗ ಆರುವುದಿಲ್ಲ. ಶಟರು ಪೂರ್ತಿ ಎತ್ತಿ ಗಾಳಿಯಾಡಲು ಬಿಟ್ಟರು. ಮೂರೂವರೆಯಿಂದ ಹೆಡ್‌ಮೇಷ್ಟ್ರು ಅಲ್ಲೇ ನಿಂತು ಗೋಡೆ ಒರೆಸಿದರು. ಟೈಲರ್ ಮಾತ್ರ ನೆಲ ಮುಟ್ಟಲಿಲ್ಲ.

“ಮುಟ್ಟಿ, ಮುಟ್ಟಿ,” ಎಂದ ಪ್ಲಂಬರ್. “ಜಾಲರಿ ಒಂದು ಬಿಟ್ಟು.”

“ನೀನು ನಗಬೇಡಪ್ಪ. ಮೂರನೆಯವರು ಯಾರು ಅಂತ ಹೇಳು ಮೊದಲು. ಮೇಷ್ಟ್ರು ಒಂದು, ಬೇಕರಿ ಒಪ್ಪಿದರೆ ಎರಡು.”

ಅವನು ಪೈಪು, ನಲ್ಲಿ, ರಬ್ಬರ್ ವಾಷರ್‌ಗಳಿದ್ದ ತನ್ನ ಚೀಲ ನೋಡಿದ. ಹದಿನಾರು ವರ್ಷದಿಂದ ಭುಜಕ್ಕೆ ಹಾಕಿಕೊಂಡು ತಿರುಗಿದ ಚೀಲ.

“ಏಳನೇ ನಂಬರಲ್ಲಿ ಕಪಾಟು ಹಾಕಿದ್ರೆ ಇದೆಲ್ಲ ಇಡಬಹುದು,” ಎಂದ. “ಅಲ್ವಾ ಅಕ್ಕಾ?”

“ಬೆಳಗ್ಗೆಯಿಂದ ಏಳನೇ ನಂಬರಿನ ಅಳತೆ ತಗೋತಾ ಇದ್ದೀಯ. ನಾನು ನೋಡಿಲ್ಲ ಅಂದ್ಕೊಂಡ್ಯಾ?”

ನಾಲ್ಕೂ ಮೂವತ್ತೈದಕ್ಕೆ ಬೇಕರಿಯಾಕೆ ಬಂದಳು. ನಾಲ್ಕನೇ ನಂಬರಿನ ನಟ್ಟನಡುವೆ ನಿಂತು ಕಣ್ಣು ಮುಚ್ಚಿ ಮೂರು ಸಲ ಉಸಿರೆಳೆದುಕೊಂಡಳು. ಮೂಲೆಗೆ ಹೋಗಿ ಬಗ್ಗಿ ಮತ್ತೊಂದು ಸಲ. ನಾಲ್ವರು ತಮ್ಮ ಉಸಿರು ಹಿಡಿದು ನಿಂತಿದ್ದರು.

“ಒವನ್ ಈ ಗೋಡೆಗೆ,” ಎಂದಳು. “ಪೆನ್ ಕೊಡಿ.”

ಟೈಲರ್ ಈ ಸಲ ಅತ್ತೇಬಿಟ್ಟಳು. ಹೆಡ್‌ಮೇಷ್ಟ್ರು ಕಾಗದ ತರಲು ಐದನೇ ನಂಬರಿನ ಕಡೆ ಹೆಚ್ಚುಕಡಿಮೆ ಓಡಿದರು. ಅರ್ಧ ನಿಮಿಷಕ್ಕೆ ಬರಿಗೈಲಿ ವಾಪಸಾದರು.

ಐದನೇ ನಂಬರಿನ ಶಟರಿಗೆ ಬೇರೆಯದೇ ಬೀಗ ಬಿದ್ದಿತ್ತು. ಹಳೆಯ ಹಿತ್ತಾಳೆ ಬೀಗವಲ್ಲ. ಹೊಳೆಯುವ ಹೊಸ ಉಕ್ಕಿನ ಬೀಗ.

ಮೊದಲ ಮಹಡಿಯಿಂದ ಮೇಷ್ಟ್ರ ಹೆಂಡತಿ ಕೀಲಿ ಪುಸ್ತಕ ಹಿಡಿದು ತಾವೇ ಇಳಿದು ಬಂದರು. “ಐದರ ಕೀಲಿ ಸಹಿ ಹಾಕಿ ತಗೊಂಡು ಹೋದ. ಇನ್ನೂ ವಾಪಸ್ ಕೊಟ್ಟಿಲ್ಲ. ನೀವೇ ಕಳಿಸಿದ್ದೀರಿ ಅಂದ್ಕೊಂಡೆ.”

ಕೊನೆಯ ಸಾಲು: ಗುರುವಾರ, ಮೂರೂ ಐವತ್ತು. ಐದನೇ ನಂಬರು. ಏಜೆಂಟ್. ಕಾರಣ: ಕಸ ಗುಡಿಸುವುದು.

ಟಾರ್ಚಕ್ಕ ತನ್ನ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ತುಂಬಿದಳು.

“ಬೇರೆ ಕಾಗದದ ಮೇಲೆ ಬರೆದರೆ?” ಎಂದಳು ಬೇಕರಿಯಾಕೆ.

“ಮೊಹರೂ ಒಳಗೇ ಇದೆ,” ಎಂದರು ಮೇಷ್ಟ್ರು. “ಮೊಹರಿಲ್ಲದ ಕರಾರು ಸಭೆಯಲ್ಲಿ ಲೆಕ್ಕಕ್ಕಿಲ್ಲ. ಆ ನಿಯಮವೂ ನಾನೇ ಬರೆದದ್ದು.”

ಆಗ ಶಟರಿನ ಹಿಂದೆ ಗಡಿಯಾರಗಳು ಹೊಡೆಯತೊಡಗಿದವು. ಹೊಡೆಯಬಲ್ಲವೆಲ್ಲ ಒಟ್ಟಿಗೆ, ಒಂದು, ಎರಡು, ಮೂರು, ನಾಲ್ಕು, ಐದು.

“ಐದು ಆಗೇಹೋಯ್ತಾ?” ಎಂದಳು ಟೈಲರ್.

“ಇಲ್ಲಮ್ಮ.” ಹೆಡ್‌ಮೇಷ್ಟ್ರು ನೆಟ್ಟಗೆ ನಿಂತರು. “ನಮಗೆ ಇನ್ನೂ ಐದು ನಿಮಿಷ ಇದೆ.”

ಪ್ಲಂಬರ್ ಆಗಲೇ ಚೀಲದಿಂದ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ತೆಗೆದಿದ್ದ. ಟಾರ್ಚಕ್ಕ ಬೀಗದ ಮೇಲೆ ಬೆಳಕು ಬಿಟ್ಟಳು. ಟೈಲರ್ ಎರಡೂ ಕೈಯಲ್ಲಿ ಬೀಗವನ್ನು ಅಲುಗದಂತೆ ಹಿಡಿದುಕೊಂಡಳು. ಬ್ಲೇಡು ಉಕ್ಕಿನೊಳಗೆ ಒಂದು ಗೆರೆ ಇಳಿಯಿತು.

ನಾಲ್ಕೂ ಐವತ್ತೇಳಕ್ಕೆ ಗೋದಾಮು ಕಂಪನಿಯ ಕಾರು ಮುಂದಿನ ಗೇಟಿಗೆ ಬಂದು ನಿಂತಿತು. ಹಿಂದಿನ ಸೀಟಿನಿಂದ ಏಜೆಂಟ್ ಇಳಿದ.